ದಾಸ್ತಾನು: ಇಲ್ಲ
(ನಿವೃತ್ತ ಫಾರ್ಮಸಿಸ್ಟ್ ಒಬ್ಬರ ಬಹಿರಂಗ ಪತ್ರ)

ಗೆ,
ಆಯುಕ್ತರು,
ಆಹಾರ ಸುರಕ್ಷತೆ ಮತ್ತು ಔಷಧ ಆಡಳಿತ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳಲ್ಲಿ ಮಗುವಿಗೆ ಔಷಧ ಕುಡಿಸುವ ಪ್ರತಿಯೊಬ್ಬ ತಾಯಿಗೆ.

ಮಾನ್ಯರೇ,

ರಾಯಚೂರು ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ 29 ವರ್ಷ ಔಷಧ ಕೊಟ್ಟವನು ನಾನು. ನೇಮಕಾತಿ ಆದೇಶದಲ್ಲಿ ಫಾರ್ಮಸಿಸ್ಟ್, ಜನರ ಬಾಯಲ್ಲಿ ಕೊನೆಯ ದಿನದವರೆಗೂ ಕಂಪೌಂಡರ್. ಈಗ ನಿವೃತ್ತನಾಗಿ ಸಿಂಧನೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿದ್ದೇನೆ. ಸೇವೆಯಲ್ಲಿದ್ದಾಗ ಮೇಲಿನ ಕಚೇರಿಗಳಿಗೆ ಸಾವಿರಾರು ಪತ್ರ ಬರೆದಿದ್ದೇನೆ. ಅವುಗಳಲ್ಲಿ ಒಂದು ಇಂದಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ. ಅದರಲ್ಲಿ ನಾನು ಬರೆದದ್ದು ಎರಡೇ ಪದ: "ದಾಸ್ತಾನು: ಇಲ್ಲ."

ಹದಿನೈದು ವರ್ಷಗಳ ಹಿಂದಿನ ಮಾತು. ನಾನಿದ್ದ ತಾಲ್ಲೂಕು ಆಸ್ಪತ್ರೆಗೆ ಮಕ್ಕಳ ಆ್ಯಂಟಿಬಯೋಟಿಕ್ ಪುಡಿಯ ಬಾಟಲಿಗಳು ಬಂದಿದ್ದವು. ಕುದಿಸಿ ಆರಿಸಿದ ನೀರನ್ನು ಗೀಟಿನವರೆಗೆ ಹಾಕಿ, ಅಲುಗಾಡಿಸಿ ಕುಡಿಸುವಂಥವು. ಭತ್ತದ ನಾಟಿಯ ಕಾಲ. ಕ್ಯಾಂಪುಗಳಿಂದ, ಹಳ್ಳಿಗಳಿಂದ ತಾಯಂದಿರು ಕೆಸರುಗಾಲಲ್ಲೇ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಅವರಲ್ಲಿ ಒಬ್ಬಳು ಅದೇ ಮಗುವನ್ನು ಎತ್ತಿಕೊಂಡು ಎರಡು ವಾರದಲ್ಲಿ ಮೂರು ಸಲ ಬಂದಳು. ಜ್ವರ ಇಳಿದಿರಲಿಲ್ಲ, ಎದೆಯ ಗೊರಗೊರ ನಿಂತಿರಲಿಲ್ಲ. ಮೂರನೆಯ ಸಲ ನಾನು ಕಿಟಕಿಯ ಒಳಗಿನಿಂದಲೇ ಗದರಿದೆ: "ಹೊತ್ತುಹೊತ್ತಿಗೆ ಸರಿಯಾಗಿ ಕುಡಿಸಿದ್ದರೆ ಮಗು ಹೀಗಿರುತ್ತಿತ್ತೇನಮ್ಮಾ?" ಆಕೆ ಉತ್ತರ ಕೊಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಖಾಲಿ ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ತಳದಲ್ಲಿ ಒಂದು ಹನಿಯೂ ಇರಲಿಲ್ಲ. ಕೊನೆಗೆ ನೀರು ಹಾಕಿ ಮುಚ್ಚಳವನ್ನೂ ತೊಳೆದು ಕುಡಿಸಿದ್ದಳು.

ಇದಾಗಿ ಮೂರು ತಿಂಗಳ ಮೇಲೆ ಸುತ್ತೋಲೆ ಬಂತು. ಆ ಬ್ಯಾಚು "ಪ್ರಮಾಣಿತ ಗುಣಮಟ್ಟದ್ದಲ್ಲ". ಚೀಟಿಯ ಮೇಲೆ ಅಚ್ಚಾಗಿದ್ದಷ್ಟು ಔಷಧ ಬಾಟಲಿಯ ಒಳಗಿರಲಿಲ್ಲ. ಉಳಿದ ದಾಸ್ತಾನನ್ನು ಕೂಡಲೇ ತಡೆಹಿಡಿದು ವರದಿ ಮಾಡತಕ್ಕದ್ದು ಎಂದು ಆದೇಶ. ದಾಸ್ತಾನು ಪುಸ್ತಕ ತೆಗೆದೆ. ಕೊನೆಯ ಬಾಟಲಿ ಹೋಗಿ ಏಳು ವಾರವಾಗಿತ್ತು. "ದಾಸ್ತಾನು: ಇಲ್ಲ" ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದೆ. ಕಡತ ಮುಚ್ಚಿತು. ಎಲ್ಲವೂ ಮಕ್ಕಳ ಹೊಟ್ಟೆ ಸೇರಿದೆ ಎಂದು ಬರೆಯಲು ಆ ನಮೂನೆಯಲ್ಲಿ ಜಾಗವಿರಲಿಲ್ಲ. ಬೇರೆ ಔಷಧ ಕೊಟ್ಟ ಮೇಲೆ ಆ ಮಗು ಚೇತರಿಸಿಕೊಂಡಿತ್ತು. ಆ ತಾಯಿಯನ್ನು ಕಂಡು ಕ್ಷಮೆ ಕೇಳಬೇಕೆಂದು ಹುಡುಕಿಕೊಂಡು ಹೋದೆ. ಕೂಲಿಯ ತಂಡ ಊರು ಬಿಟ್ಟು ಬಹಳ ದಿನವಾಗಿತ್ತು.

ಈ ಕಥೆ ಈಗೇಕೆ ಎಂದರೆ, 2024ರ ನವೆಂಬರ್‌ನಲ್ಲಿ ಶುರುವಾದ ಸಾವುಗಳಿಂದಾಗಿ. ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಐವರು. ಅವರಿಗೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಬಂತು, ಅದರ ಬಳಕೆಗೆ ತಡೆ ಬಿತ್ತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಪ್ರತಿಯೊಂದು ಸಾವಿಗೂ ನಿಖರ ಕಾರಣವೇನೆಂಬುದು ತಜ್ಞರು ಹೇಳಬೇಕಾದ ಮಾತು, ನಾನು ಅದರಲ್ಲಿ ಕೈ ಹಾಕುವುದಿಲ್ಲ. ಆದರೆ ಆ ತಯಾರಕರ ಕೆಲವು ಬ್ಯಾಚುಗಳ ಬಗ್ಗೆ ರಾಜ್ಯಕ್ಕೆ ಮೊದಲೇ ಅನುಮಾನವಿತ್ತು, ಕೇಂದ್ರದ ಪ್ರಯೋಗಾಲಯದ ಅಭಿಪ್ರಾಯ ಬೇರೆಯಿತ್ತು ಎಂಬುದನ್ನು ಸರ್ಕಾರವೇ ಆಗ ಹೇಳಿತು. ಇಬ್ಬರು ಪರೀಕ್ಷಕರ ನಡುವೆ ಭಿನ್ನಾಭಿಪ್ರಾಯವಿದ್ದರೆ ಬಾಟಲಿ ಎಲ್ಲಿರಬೇಕು? ಉಗ್ರಾಣದಲ್ಲಿ, ಬೀಗದ ಹಿಂದೆ. ನನ್ನ ಪತ್ರದ ಸಾರ ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ರಿಂಗರ್ಸ್ ಲ್ಯಾಕ್ಟೇಟ್‌ನಲ್ಲಿ ದೊಡ್ಡ ರಹಸ್ಯವೇನಿಲ್ಲ. ಶುದ್ಧ ನೀರು, ಅಡುಗೆಯ ಉಪ್ಪು, ಪೊಟ್ಯಾಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್, ಸೋಡಿಯಂ ಲ್ಯಾಕ್ಟೇಟ್. ಹಳ್ಳಿಯವರಿಗೆ ಅದೂ ಗ್ಲೂಕೋಸೇ. ವಾರ್ಡಿಗೆ ಕೊಡುವ ಮುನ್ನ ನಾವು ಬಾಟಲಿಯನ್ನು ಬೆಳಕಿಗೆ ಹಿಡಿದು ಒಮ್ಮೆ ಬಿಳಿ ಕಾಗದದ ಮುಂದೆ, ಒಮ್ಮೆ ಕಪ್ಪು ರಟ್ಟಿನ ಮುಂದೆ ನಿಧಾನವಾಗಿ ತಿರುಗಿಸುತ್ತಿದ್ದೆವು. ಎಳೆಯೋ ಪೊರೆಯೋ ಕಂಡರೆ, ದ್ರಾವಣ ಮಸುಕಾಗಿದ್ದರೆ ಪಕ್ಕಕ್ಕೆ. ಇಷ್ಟು ನೋಡಿ ಧೈರ್ಯ ತಂದುಕೊಳ್ಳುತ್ತಿದ್ದೆವು. ಆದರೆ ಎಂಡೋಟಾಕ್ಸಿನ್ ಎಂಬುದು ಬೆಳಕಿಗೆ ಹಿಡಿದರೂ ಕಾಣುವುದಿಲ್ಲ. ಅದು ಸತ್ತ ಬ್ಯಾಕ್ಟೀರಿಯಾದ ಹೊರಪದರದ ಚೂರು. ಹಬೆಯಲ್ಲಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಈ ಚೂರು ಉಳಿಯುತ್ತದೆ. ರಕ್ತಕ್ಕೆ ಸೇರಿದರೆ ಚಳಿಜ್ವರ, ರಕ್ತದೊತ್ತಡದ ಕುಸಿತ, ಮೂತ್ರಪಿಂಡಕ್ಕೆ ಪೆಟ್ಟು. ಹಿಂದೆ ಮೊಲಕ್ಕೆ ಚುಚ್ಚಿ, ಅದಕ್ಕೆ ಜ್ವರ ಬರುತ್ತದೆಯೇ ಎಂದು ಕಾಯುತ್ತಿದ್ದರು. ಈಗ ಕುದುರೆಲಾಳದ ಏಡಿಯ ರಕ್ತದಿಂದ ತಯಾರಿಸಿದ ಕಾರಕವನ್ನು ಬೆರೆಸಿದರೆ ಒಂದು ಗಂಟೆಯಲ್ಲಿ ಹೆಪ್ಪುಗಟ್ಟಿ ತಿಳಿಸುತ್ತದೆ. ಒಂದು ಗಂಟೆ, ಸ್ವಾಮಿ.

ಡಿಪ್ಲೊಮಾ ಓದುವಾಗ ನಮ್ಮ ಮೇಷ್ಟ್ರು ಒಂದು ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು, ಅಳಿಸದೆ ಹೊರಟುಹೋಗಿದ್ದರು: ಫ್ರಾನ್ಸಿಸ್ ಓಲ್ಡಹ್ಯಾಮ್ ಕೆಲ್ಸಿ. ಮುಂದೆ ಅಮೆರಿಕದ ಔಷಧ ಇಲಾಖೆಯಲ್ಲಿ ಕುಳಿತು ಅಪಾಯದ ಮಾತ್ರೆಯೊಂದನ್ನು ತಡೆದವರು. 1914ರಲ್ಲಿ ಕೆನಡಾದಲ್ಲಿ ಹುಟ್ಟಿದವರು. 1936ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಪ್ರೊಫೆಸರ್ ಗೈಲಿಂಗ್ ಅವರಿಗೆ ಸಂಶೋಧನೆಗೆ ಅವಕಾಶ ಕೇಳಿ ಬರೆದರು. ಹೆಸರು ನೋಡಿ ಗಂಡಸೆಂದು ಭಾವಿಸಿದ ಗೈಲಿಂಗ್, "ಮಿಸ್ಟರ್ ಓಲ್ಡಹ್ಯಾಮ್" ಎಂದೇ ಸಂಬೋಧಿಸಿ ಸ್ಥಾನ ಕೊಟ್ಟರು. ಹೆಣ್ಣೆಂದು ಗೊತ್ತಿದ್ದರೆ ಆ ಸ್ಥಾನ ಸಿಗುತ್ತಿತ್ತೇ ಎಂದು ಕೆಲ್ಸಿ ಮುಂದೆಯೂ ಯೋಚಿಸುತ್ತಿದ್ದರಂತೆ. ಮರುವರ್ಷವೇ ಆ ಪ್ರಯೋಗಾಲಯಕ್ಕೆ ಒಂದು ಕೆಂಪು ದ್ರವ ಬಂತು.

ಸಲ್ಫಾನಿಲಮೈಡ್ ಎಂಬ ಒಳ್ಳೆಯ ಔಷಧ. ಮಾತ್ರೆಯಾಗಿ ಜೀವ ಉಳಿಸುತ್ತಿತ್ತು. ಮಕ್ಕಳಿಗೆ ಕುಡಿಸಲು ಅನುಕೂಲವಾಗಲೆಂದು ಅಮೆರಿಕದ ಒಂದು ಕಂಪನಿ ಅದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ, ಮಂದವಾದ ದ್ರವದಲ್ಲಿ ಕರಗಿಸಿ, ರಾಸ್ಪ್‌ಬೆರಿ ಹಣ್ಣಿನ ಸುವಾಸನೆ ಬೆರೆಸಿ ಮಾರಿತು. ರುಚಿ ನೋಡಿದರು, ಬಣ್ಣ ನೋಡಿದರು, ವಾಸನೆ ನೋಡಿದರು. ಒಂದು ಇಲಿಗೂ ಕುಡಿಸಿ ನೋಡಲಿಲ್ಲ. ನೂರಕ್ಕೂ ಹೆಚ್ಚು ಜನ ಮೂತ್ರ ಕಟ್ಟಿ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಗೈಲಿಂಗ್ ತಂಡ ಪ್ರಾಣಿಗಳ ಮೇಲೆ ಪರೀಕ್ಷಿಸಿ, ಕೊಂದದ್ದು ಔಷಧವಲ್ಲ, ಅದನ್ನು ಕರಗಿಸಿದ ದ್ರವ ಎಂದು ತೋರಿಸಿತು. ವಿದ್ಯಾರ್ಥಿನಿಯಾಗಿದ್ದ ಕೆಲ್ಸಿ ಆ ಇಲಿಗಳನ್ನು ನೋಡಿಕೊಳ್ಳುತ್ತಿದ್ದರು.

ಆಗ ಅಲ್ಲಿನ ಔಷಧ ಇಲಾಖೆ ಏನು ಮಾಡಿತು ಎಂಬುದನ್ನು ತಾವು ದಯವಿಟ್ಟು ಎರಡು ಸಲ ಓದಬೇಕು. ಇದ್ದ ಇನ್ಸ್‌ಪೆಕ್ಟರ್‌ಗಳು, ರಸಾಯನ ತಜ್ಞರು ಸೇರಿ 239 ಮಂದಿ. ಎಲ್ಲರನ್ನೂ ಬೀದಿಗೆ ಇಳಿಸಿತು. ಅಂಗಡಿಯ ಮಾರಾಟದ ಚೀಟಿ, ವೈದ್ಯರ ಬರಹ ಹಿಡಿದು ಮನೆಮನೆಗೆ ಹೋಗಿ ಬಾಟಲಿ ಕಿತ್ತುಕೊಂಡು ಬಂದರು. ತಯಾರಾಗಿದ್ದ 240 ಗ್ಯಾಲನ್‌ನಲ್ಲಿ 234 ಗ್ಯಾಲನ್ ವಾಪಸ್ ಸಿಕ್ಕಿತು. ಉಳಿದ ಆರು ಗ್ಯಾಲನ್ ಅಷ್ಟು ಜನರನ್ನು ಕೊಂದಿತ್ತು. ನಾನು "ದಾಸ್ತಾನು: ಇಲ್ಲ" ಎಂದು ಬರೆದ ದಿನ ನನ್ನ ಬಳಿಯೂ ಹೊರರೋಗಿಗಳ ನೋಂದಣಿ ಪುಸ್ತಕವಿತ್ತು. ಹೆಸರು, ವಯಸ್ಸು, ಊರು ಎಲ್ಲವೂ ಇದ್ದವು. ಯಾರೂ ನನಗೆ ಆ ಮನೆಗಳಿಗೆ ಹೋಗೆಂದು ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಆ ದುರಂತದಿಂದಲೇ ಅಮೆರಿಕದಲ್ಲಿ 1938ರ ಕಾನೂನು ಬಂತು: ಮಾರುವ ಮುನ್ನ ಸುರಕ್ಷತೆಯನ್ನು ತೋರಿಸಬೇಕು. ಅದರಲ್ಲೊಂದು ಕಿಂಡಿಯೂ ಇತ್ತು. 60 ದಿನದೊಳಗೆ ಇಲಾಖೆ ಆಕ್ಷೇಪ ಎತ್ತದಿದ್ದರೆ ಔಷಧಕ್ಕೆ ತಾನಾಗಿಯೇ ಒಪ್ಪಿಗೆ ಸಿಕ್ಕಂತೆ. 1960ರಲ್ಲಿ ಕೆಲ್ಸಿ ಆ ಇಲಾಖೆಗೆ ಸೇರಿ ಒಂದು ತಿಂಗಳಾಗಿತ್ತು, ಮೇಜಿನ ಮೇಲೆ ಥಾಲಿಡೊಮೈಡ್ ಅರ್ಜಿ ಬಂತು. ಜರ್ಮನಿಯಲ್ಲಿ 1957ರಿಂದ ನಿದ್ದೆಯ ಮಾತ್ರೆಯಾಗಿ ಧಾರಾಳವಾಗಿ ಮಾರಾಟವಾಗುತ್ತಿದ್ದ ಔಷಧ. ಬಸುರಿಯರು ವಾಂತಿಗೂ ಅದನ್ನೇ ನುಂಗುತ್ತಿದ್ದರು. ಹೊಸಬರಲ್ಲವೇ, ಸುಲಭದ ಕಡತ ಇರಲಿ ಎಂದೇ ಅವರಿಗೆ ಕೊಟ್ಟಿದ್ದರು.

ಅವರು ಸಹಿ ಹಾಕಲಿಲ್ಲ. ದಾಖಲೆ ಸಾಲದು ಎಂದು ಬರೆದರು. ಕಂಪನಿ ಇನ್ನಷ್ಟು ಕಾಗದ ತಂದಿತು. 60 ದಿನ ಮುಗಿಯುವ ಮುನ್ನ ಮತ್ತೆ ಬರೆದರು, ಸಾಲದು. ಕಂಪನಿಯವರು ಫೋನ್ ಮಾಡಿದರು, ಖುದ್ದು ಬಂದು ಕುಳಿತರು, ಮೇಲಧಿಕಾರಿಗಳಿಗೆ ದೂರು ಹೇಳಿದರು. ಅಷ್ಟರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ಈ ಮಾತ್ರೆ ತೆಗೆದುಕೊಂಡವರ ಕೈಕಾಲು ಜೋಮು ಹಿಡಿಯುತ್ತಿದೆ ಎಂಬ ವೈದ್ಯರೊಬ್ಬರ ಪುಟ್ಟ ಪತ್ರ ಅವರ ಕಣ್ಣಿಗೆ ಬಿತ್ತು. ನರಕ್ಕೆ ಹಾನಿ ಮಾಡುವುದಾದರೆ ಗರ್ಭದಲ್ಲಿರುವ ಶಿಶುವಿಗೆ ಏನು ಮಾಡುತ್ತದೆ? ಈ ಪ್ರಶ್ನೆ ಅವರಿಗೆ ಹೊಳೆದದ್ದಕ್ಕೆ ಕಾರಣವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಲೇರಿಯಾ ಔಷಧಗಳ ಕೆಲಸ ಮಾಡುವಾಗ ಅವರು ಮೊಲಗಳಲ್ಲಿ ಕ್ವಿನೈನ್ ಪರೀಕ್ಷಿಸಿದ್ದರು. ದೊಡ್ಡ ಮೊಲದ ದೇಹ ಕ್ವಿನೈನನ್ನು ಒಡೆದು ಹಾಕುತ್ತದೆ, ಗರ್ಭದ ಮರಿಗೆ ಆ ಶಕ್ತಿಯಿಲ್ಲ ಎಂಬುದನ್ನು ಕಂಡಿದ್ದರು. ತಾಯಿ ಅರಗಿಸಿಕೊಂಡದ್ದನ್ನು ಮಗು ಅರಗಿಸಿಕೊಳ್ಳಲಾರದು. ಹಿಡಿದ ಕೆಲಸವನ್ನು ಮನಸ್ಸಿಟ್ಟು ಮಾಡಿದವರಿಗೆ ಅದು ಹೀಗೆ ಇಪ್ಪತ್ತು ವರ್ಷದ ನಂತರವೂ ಕೈಹಿಡಿಯುತ್ತದೆ.

1961ರ ನವೆಂಬರ್ ಹೊತ್ತಿಗೆ ಸತ್ಯ ಹೊರಬಿತ್ತು. ಕೈಯಿಲ್ಲದೆ, ಕಾಲಿಲ್ಲದೆ, ಭುಜಕ್ಕೇ ಬೆರಳು ಅಂಟಿಕೊಂಡು ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಹುಟ್ಟಿದ್ದರು. ಅಮೆರಿಕದಲ್ಲಿ ಪರೀಕ್ಷೆಯ ಹೆಸರಿನಲ್ಲಿ ವೈದ್ಯರು ಹಂಚಿದ ಮಾತ್ರೆಗಳಿಂದ ಕೆಲವೇ ಮಕ್ಕಳು. 1962ರಲ್ಲಿ ಅಧ್ಯಕ್ಷ ಕೆನಡಿ ಕೆಲ್ಸಿ ಅವರಿಗೆ ಪದಕ ತೊಡಿಸಿದರು, ಕಾನೂನಿನ ಆ ಕಿಂಡಿಯನ್ನೂ ಅದೇ ವರ್ಷ ಮುಚ್ಚಿದರು. ಅವರು 101 ವರ್ಷ ಬದುಕಿ 2015ರಲ್ಲಿ ತೀರಿಕೊಂಡರು.

ನಮ್ಮಲ್ಲಿಯೂ ಒಂದು 60 ದಿನ ಇದೆ. ಮಾದರಿ ಕೈಸೇರಿದ 60 ದಿನದೊಳಗೆ ಸರ್ಕಾರಿ ವಿಶ್ಲೇಷಕರು ವರದಿ ಕೊಡಬೇಕೆಂದು ಔಷಧ ನಿಯಮಗಳು ಹೇಳುತ್ತವೆ. ಹೊಸ ಔಷಧಕ್ಕೆ ಒಪ್ಪಿಗೆ ಕೊಡುವುದು ಬೇರೆ, ಬ್ಯಾಚು ಪರೀಕ್ಷಿಸುವುದು ಬೇರೆ ಎಂಬುದು ನನಗೆ ಗೊತ್ತಿದೆ. ಆದರೂ ಒಂದು ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಕೆಲ್ಸಿಯವರ 60 ದಿನಗಳಲ್ಲಿ ಮಾತ್ರೆ ಬಾಗಿಲ ಹೊರಗೆ ಕಾಯುತ್ತಿತ್ತು. ನಮ್ಮ 60 ದಿನಗಳಲ್ಲಿ ಬಾಟಲಿ ವಾರ್ಡಿನಲ್ಲಿ ನೇತಾಡುತ್ತಿರುತ್ತದೆ. ಆಹಾರದ ಮಾದರಿಗೆ ಕಾನೂನು ಕೊಟ್ಟಿರುವುದು 14 ದಿನ. ನರಕ್ಕೆ ಏರಿಸುವ ದ್ರಾವಣಕ್ಕೆ ಅದರ ನಾಲ್ಕು ಪಟ್ಟಿಗೂ ಹೆಚ್ಚು ಕಾಲ ಏಕೆ?

ಬೇಗ ಆಗುವುದಿಲ್ಲ ಎಂದು ಯಾರೂ ಹೇಳಬಾರದು. 2025ರ ಅಕ್ಟೋಬರ್ ಮೊದಲ ವಾರ ನೆನಪಿಸಿಕೊಳ್ಳಿ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಮೂತ್ರಪಿಂಡ ನಿಂತುಹೋಗುತ್ತಿತ್ತು. ಸಿರಪ್ ತಯಾರಾದದ್ದು ಕಾಂಚೀಪುರದಲ್ಲಿ. ಸುದ್ದಿ ತಲುಪಿದ ಮೇಲೆ ತಮಿಳುನಾಡಿನ ಪ್ರಯೋಗಾಲಯ ಹಬ್ಬದ ರಜೆಯ ನಡುವೆಯೇ ಎರಡು ದಿನದೊಳಗೆ ಹೇಳಿತು: ಡೈಎಥಿಲೀನ್ ಗ್ಲೈಕಾಲ್, ಶೇಕಡಾ 48.6. ಇರಬಹುದಾದ ಮಿತಿ ಶೇಕಡಾ 0.1. ಬಾಟಲಿಯಲ್ಲಿ ಅರ್ಧಕ್ಕೆ ಅರ್ಧ ವಿಷ. ಆ ಎರಡು ದಿನದ ಕೆಲಸವನ್ನು ಸಿರಪ್ ಕಾರ್ಖಾನೆಯಿಂದ ಹೊರಡುವ ಮುನ್ನ ಮಾಡಿದ್ದರೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಇಂದು ಬದುಕಿರುತ್ತಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

1937ರಲ್ಲಿ ಕೆಲ್ಸಿಯವರ ಇಲಿಗಳು ಕುಡಿದು ಸತ್ತದ್ದೂ ಇದೇ ದ್ರವ. ನಮ್ಮ ದೇಶದಲ್ಲಿ ಅದು 1972ರಲ್ಲಿ ಚೆನ್ನೈಯಲ್ಲಿ, 1986ರಲ್ಲಿ ಮುಂಬೈಯ ಆಸ್ಪತ್ರೆಯಲ್ಲಿ, 1998ರಲ್ಲಿ ಗುರುಗ್ರಾಮದಲ್ಲಿ, 2019-20ರ ಚಳಿಗಾಲದಲ್ಲಿ ಜಮ್ಮುವಿನಲ್ಲಿ ಜೀವ ತೆಗೆದಿದೆ. ಪ್ರತಿ ಸಲವೂ ಬಹುಪಾಲು ಅದೇ ಕಾರಣ. ಔಷಧಕ್ಕೆ ಬಳಸುವ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ದುಬಾರಿ. ಬ್ರೇಕ್ ಎಣ್ಣೆಗೂ ಕಾರ್ಖಾನೆಗಳಿಗೂ ಹೋಗುವ ಈ ದ್ರವ ಅಗ್ಗ. ಎರಡೂ ನೋಡಲು ಒಂದೇ, ಎರಡೂ ಸಿಹಿ. ಪೀಪಾಯಿಯ ಮೇಲಿನ ಚೀಟಿಯನ್ನು ನಂಬಿ ಒಳಗಿರುವುದನ್ನು ಪರೀಕ್ಷಿಸದೆ ಬಿಟ್ಟರೆ ಮುಗಿಯಿತು.

ಉಗ್ರಾಣದಿಂದ ಹೊರಡುವ ಮುನ್ನ ಪರೀಕ್ಷೆ ನಡೆಯುತ್ತದೆ ಎಂದು ತಾವು ಹೇಳಬಹುದು. ಹಾಗಿದ್ದರೆ ಆ ವರದಿಯ ಪ್ರತಿ ಪೆಟ್ಟಿಗೆಯ ಜೊತೆಯಲ್ಲೇ ಬರಲಿ. ತಯಾರಕರ ಪ್ರಮಾಣಪತ್ರ ಬೇಡ, ಬೇರೆ ಪ್ರಯೋಗಾಲಯದ ವರದಿ ಬೇಕು. ವರದಿ ಇಲ್ಲದ ದ್ರಾವಣವನ್ನೂ ಸಿರಪ್ಪನ್ನೂ ಸ್ವೀಕರಿಸುವುದಿಲ್ಲ ಎಂದು ಹೇಳುವ ಅಧಿಕಾರ ತಾಲ್ಲೂಕು ಆಸ್ಪತ್ರೆಯ ಫಾರ್ಮಸಿಸ್ಟ್‌ಗೆ ಲಿಖಿತವಾಗಿ ಸಿಗಲಿ. ಇಂದು ಹಾಗೆ ಹೇಳಿದವನಿಗೆ ಸಿಗುವುದು ಕಾರಣ ಕೇಳುವ ನೋಟಿಸ್. ಹೆರಿಗೆ ವಾರ್ಡಿನಿಂದ ನರ್ಸ್ ಬಂದು ಬಾಟಲಿ ಎಲ್ಲಿ ಎಂದು ನಿಂತಾಗ "ತಡೆಯಿರಿ" ಎನ್ನುವುದು ಎಷ್ಟು ಕಷ್ಟ ಎಂಬುದನ್ನು ಬಲ್ಲೆ. ಆ ಒಂದು ಪದದ ಹಿಂದೆ ಸರ್ಕಾರ ನಿಲ್ಲಬೇಕು.

ಇನ್ನೊಂದು ಕೋರಿಕೆ ನಮ್ಮ ಭಾಗದವರಿಗೆ ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಜಲಾಶಯದ ಇಂದಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಕಾಲುವೆಗೆ ಬಿಟ್ಟದ್ದೆಷ್ಟು ಎಂಬುದು ಪ್ರತಿದಿನ ಪತ್ರಿಕೆಯಲ್ಲಿ ಬರುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಚಹಾದಂಗಡಿಯಲ್ಲಿ ಕುಳಿತ ಅಜ್ಜಂದಿರು ಕ್ಯುಸೆಕ್ ಲೆಕ್ಕ ಹಾಕುತ್ತಿದ್ದರು. ಹಾಗೆಯೇ ಗುಣಮಟ್ಟದಲ್ಲಿ ಸೋತ ಬ್ಯಾಚುಗಳ ಸಂಖ್ಯೆ ಕನ್ನಡದಲ್ಲಿ ಅಚ್ಚಾಗಲಿ. ಕೇಂದ್ರದ ಪಟ್ಟಿ ತಿಂಗಳಿಗೊಮ್ಮೆ ಇಂಗ್ಲಿಷಿನಲ್ಲಿ ಬರುತ್ತದೆ, ಅದು ಮಸ್ಕಿಯ ಔಷಧ ಅಂಗಡಿಗೂ ತಲುಪುವುದಿಲ್ಲ, ಕುಷ್ಟಗಿಯ ತಾಯಿಗೂ ತಲುಪುವುದಿಲ್ಲ. ವರದಿ ಬಂದ ದಿನವೇ ಪ್ರತಿ ಫಾರ್ಮಸಿಸ್ಟ್‌ನ ಮೊಬೈಲ್‌ಗೆ ಸಂದೇಶ ಹೋಗಲಿ. ಬ್ಯಾಚು ಪಡೆದ ರೋಗಿಗಳ ಮನೆಗೆ ಆಶಾ ಕಾರ್ಯಕರ್ತೆಯರು ಹೋಗಲಿ. ದಾಸ್ತಾನು ಇಲ್ಲ ಎಂಬ ಉತ್ತರವನ್ನು ಇನ್ನು ಮುಂದೆ ಯಾವ ಕಚೇರಿಯೂ ಸ್ವೀಕರಿಸದಿರಲಿ. ಎಲ್ಲಿ ಹೋಯಿತು ಎಂದು ಕೇಳಲಿ.

ತಮ್ಮ ಇಲಾಖೆಯ ಹೆಸರು ಶುರುವಾಗುವುದೇ ಆಹಾರದಿಂದ, ಆದ್ದರಿಂದ ಅದರ ಬಗ್ಗೆಯೂ ಒಂದು ಮಾತು. ಸಿರುಗುಪ್ಪ, ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಒಣಹಾಕಿದಾಗ ಅಕಾಲದ ಮಳೆ ಬಂದರೆ ಕಾಯಿ ಬೂಷ್ಟು ಹಿಡಿಯುತ್ತದೆ. ಹೆಂಗಸರು ಕುಕ್ಕರಗಾಲಲ್ಲಿ ಕುಳಿತು ಬಣ್ಣಗೆಟ್ಟ ಕಾಯಿಯನ್ನು ಬೇರೆ ರಾಶಿ ಮಾಡುತ್ತಾರೆ. ಆ ರಾಶಿಯನ್ನು ಎಸೆಯುವುದಿಲ್ಲ, ಕಡಿಮೆ ಬೆಲೆಗೆ ಮಾರುತ್ತಾರೆ. ಸಾಲ ಮಾಡಿ ಬೆಳೆದ ರೈತನನ್ನು ಅದಕ್ಕಾಗಿ ದೂರಲಾರೆ. ಪುಡಿಯಾದ ಮೇಲೆ ಅದನ್ನು ಗುರುತಿಸುವವರು ಯಾರು? ಆ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್ ತರುವ ವಿಷ, ಒಗ್ಗರಣೆಯ ಬಿಸಿಗೆ ಅದು ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಸತ್ತದ್ದು ಇದರಿಂದಲೇ. ಸಾಂಬಾರ ಪದಾರ್ಥದಲ್ಲಿ ನಮ್ಮ ಮಿತಿ ಕಿಲೋಗೆ 30 ಮೈಕ್ರೋಗ್ರಾಂ, ಯುರೋಪಿನದು 10. ಹಡಗು ಹತ್ತುವ ಕಾಯಿಗೆ ಒಂದು ಅಳತೆ, ನಮ್ಮ ತಟ್ಟೆಗೆ ಬರುವ ಕಾಯಿಗೆ ಇನ್ನೊಂದು ಎಂದಾಗುವುದು ಬೇಡ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕದ ಉಳಿಕೆ ಮತ್ತು ಆಹಾರ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯವೇ ಇದೆ. ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಯಿಂದ ಅಲ್ಲಿಗೆ ಮಾದರಿ ಹೋಗುವ ಏರ್ಪಾಡು ಮಾಡಿ.

ಕೊನೆಯದಾಗಿ, ನನ್ನದೇ ಒಂದು ಅರ್ಜಿ. ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆ, 1940. ಅದರ 26ನೇ ಕಲಂ ಪ್ರಕಾರ ಔಷಧ ಕೊಂಡ ಯಾರೇ ಆಗಲಿ, ನಿಗದಿತ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಮಾಡಿದ ವರದಿ ಪಡೆಯಬಹುದು. ಅರ್ಜಿ ನಮೂನೆ 14-ಎ, ವರದಿ ನಮೂನೆ 14-ಬಿ. ಕಳೆದ ಅಕ್ಟೋಬರ್‌ನಲ್ಲಿ ಛಿಂದ್ವಾಡಾದ ಸುದ್ದಿ ಓದಿ ನಮ್ಮ ಪಕ್ಕದ ಮನೆಯ ಸೊಸೆ ಮಗುವಿನ ಕೆಮ್ಮಿನ ಸಿರಪ್ ಹಿಡಿದು ನನ್ನ ಬಳಿ ಓಡಿ ಬಂದಳು. ಎರಡು ವರ್ಷ ತುಂಬದ ಮಗು. ಅಂಥ ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡಲೇಬಾರದೆಂದು ಕೇಂದ್ರ ಸರ್ಕಾರ ಅದೇ ವಾರ ಹೇಳಿತ್ತು. ಕುಡಿಸುವುದನ್ನು ನಿಲ್ಲಿಸಿದೆವು, ಮಗು ಆರೋಗ್ಯವಾಗಿದೆ. ಆಕೆ ಹೊಸದಾಗಿ ಕೊಂಡು ಮುದ್ರೆ ಒಡೆಯದೆ ಇಟ್ಟಿದ್ದ ಎರಡನೆಯ ಬಾಟಲಿಯನ್ನೂ ರಸೀದಿಯನ್ನೂ ತೆಗೆದುಕೊಂಡು, ಆಕೆಯ ಸಹಿಯಿರುವ ಅರ್ಜಿಯೊಂದಿಗೆ ನಾನು ಒಂದು ಸರ್ಕಾರಿ ಕಚೇರಿಗೆ ಹೋದೆ.

"ಇಂಥದ್ದೊಂದು ಅರ್ಜಿ ಇದೆಯೇ?" ಎಂದು ಕೇಳಿದರು. ಕಾಯಿದೆಯ ಪುಸ್ತಕ ತೆರೆದು ತೋರಿಸಿದೆ. "ಸಾರ್ವಜನಿಕರು ಯಾರೂ ಹೀಗೆ ಬರುವುದಿಲ್ಲ" ಎಂದರು. ಬರುವುದಿಲ್ಲ, ಏಕೆಂದರೆ ಹೀಗೆ ಬರಬಹುದೆಂದು ಯಾರೂ ಅವರಿಗೆ ಹೇಳಿಲ್ಲ. ಎರಡನೆಯ ಸಲ ಹೋದಾಗ ಸಂಬಂಧಪಟ್ಟವರು ಸಭೆಗೆ ಹೋಗಿದ್ದರು. ಮೂರನೆಯ ಸಲ, ಮೇಲಿನವರನ್ನು ಕೇಳಿ ತಿಳಿಸುತ್ತೇವೆ ಎಂದು ಫೋನ್ ಸಂಖ್ಯೆ ಬರೆದುಕೊಂಡರು. ಕರೆ ಬಂದಿಲ್ಲ. ಅವರ ಮೇಲೆ ಕ್ರಮ ಬೇಕೆಂದು ನಾನು ಕೇಳುತ್ತಿಲ್ಲ. ನಮೂನೆ 14-ಎಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಶುಲ್ಕ ಎಷ್ಟು, ಎಲ್ಲಿ ಕಟ್ಟಬೇಕು, ಯಾರ ಕೈಗೆ ಕೊಡಬೇಕು ಎಂದು ಬರೆದು ಪ್ರತಿ ತಾಲ್ಲೂಕು ಆಸ್ಪತ್ರೆಯ ಔಷಧ ಕಿಟಕಿಯ ಪಕ್ಕದಲ್ಲಿ ಅಂಟಿಸಬೇಕೆಂದು ಕೇಳುತ್ತಿದ್ದೇನೆ.

ಆ ಬಾಟಲಿ ನನ್ನ ಕಪಾಟಿನಲ್ಲಿದೆ. ಬಿಸಿಲು ತಾಗದಂತೆ ಕಂದು ಕಾಗದ ಸುತ್ತಿ, ಬ್ಯಾಚ್ ಸಂಖ್ಯೆ ಉಜ್ಜಿಹೋಗದಂತೆ ಮೇಲೊಂದು ಪಾರದರ್ಶಕ ಟೇಪು ಹಾಕಿದ್ದೇನೆ. ಅವಧಿ ಮುಗಿಯಲು ಇನ್ನೂ ಸಮಯವಿದೆ. ಯಾವ ಕಚೇರಿ, ಯಾವ ಮೇಜು ಎಂದು ತಿಳಿಸಿದರೆ ಸಿಂಧನೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ ಇದೆ, ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಫಾರ್ಮಸಿಸ್ಟ್,
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ